ದೆವ್ವದ ಮನೆಯ ಮುಂದಿನ ರಂಗೋಲಿ

ನಿನ್ನೆ ಮಧ್ಯಾಹ್ನ ನಾನು ಅಡುಗೆ ಮನೆಯಲ್ಲಿ ರೊಟ್ಟಿ ತಟ್ಟುತ್ತಿದ್ದೆ. ಎಂಟು ವರ್ಷದ ಮೊಮ್ಮಗಳು ತನ್ನ ತಾಯಿಯ ಮೊಬೈಲು ಹಿಡಿದುಕೊಂಡು ಓಡಿ ಬಂದಳು. ಹಿಟ್ಟು ಮೆತ್ತಿದ ನನ್ನ ಕೈಯನ್ನೊಮ್ಮೆ, ಮೊಬೈಲನ್ನೊಮ್ಮೆ ನೋಡಿದಳು.

“ಅಜ್ಜಿ, ಇದು ನಿನ್ನ ಕೈ ಕಣಜ್ಜಿ,” ಅಂದಳು.

ಬಗ್ಗಿ ನೋಡಿದೆ. ಕಪ್ಪು ಬಿಳುಪಿನ ಒಂದು ಹೊಸ್ತಿಲು. ಅದರ ಮುಂದೆ ಎರಡು ಕೈ ರಂಗೋಲಿ ಎಳೆಯುತ್ತಿವೆ. ಮುಖ ಕಾಣುವುದಿಲ್ಲ. ಕೈ ಮಾತ್ರ, ಮೊಣಕೈಯ ತನಕ ಗಾಜಿನ ಬಳೆ. ಹೆಂಚಿನ ಮೇಲಿದ್ದ ರೊಟ್ಟಿ ಸೀದು ಹೋಯಿತು.

“ನನ್ನ ಕೈ ಅಂತ ನಿನಗೆ ಯಾರೇ ಹೇಳಿದ್ದು?”

“ಯಾರೂ ಹೇಳ್ಲಿಲ್ಲ. ಅಲ್ನೋಡು, ಕೊನೇಲಿ ರಂಗೋಲಿಯಿಂದ ಆಚೆ ಒಂದು ಚುಕ್ಕಿ ಇಟ್ರು. ನೀನು ತಾನೆ ದಿನಾ ಹಂಗಿಡೋದು?”

ಆ ಸಿನಿಮಾವನ್ನು ನಾನು ನೋಡಿದ್ದು ಒಂದೇ ಸಲ. ಆಮೇಲೆ ಅದು ಎಲ್ಲಿ ಹೋಯಿತೋ, ಇದೆಯೋ ಇಲ್ಲವೋ, ಯಾರನ್ನು ಕೇಳಬೇಕು ಅಂತಲೂ ಗೊತ್ತಿರಲಿಲ್ಲ. ಈಗ ಯಾರೋ ಪುಣ್ಯಾತ್ಮರು ಮೊಬೈಲಿಗೆ ಹಾಕಿದ್ದಾರಂತೆ, ನನ್ನ ಮಗಳ ಕಣ್ಣಿಗೆ ಬಿದ್ದಿದೆ. ನಿನ್ನೆಯಿಂದ ನಮ್ಮೆಜಮಾನರು ಅದನ್ನು ಐದು ಸಲ ನೋಡಿದ್ದಾರೆ. ನಾನು ಓದಿದ್ದು ಮೂರನೇ ಕ್ಲಾಸು. ಬರೆದರೆ ಸಾಲು ಮೇಲಕ್ಕೂ ಕೆಳಕ್ಕೂ ಹೋಗುತ್ತದೆ. ಆದರೂ ಮೊಮ್ಮಗಳ ಹತ್ತಿರ ಎರಡು ಗೆರೆಯ ಒಂದು ಪುಸ್ತಕ ಇಸಕೊಂಡು ಕೂತಿದ್ದೇನೆ. ಇದನ್ನು ಒಳಗಿಟ್ಟುಕೊಂಡು ಇರುವುದು ನನ್ನ ಕೈಲಾಗುವುದಿಲ್ಲ.

ಎಪ್ಪತ್ತರ ದಶಕ ಮುಗಿಯುತ್ತಾ ಬಂದಿದ್ದ ಕಾಲ. ನನಗೆ ಆಗ ಇಪ್ಪತ್ತೊಂದು ವರ್ಷ. ಮದುವೆಯಾಗಿ ಮೂರು ವರ್ಷವಾಗಿತ್ತು. ಕಿಬ್ಬನಹಳ್ಳಿ ಕ್ರಾಸಿನಲ್ಲಿ ಬಸ್ಸಿಳಿದು ಒಂದು ಗಂಟೆ ನಡೆದರೆ ನಮ್ಮೂರು. ಊರೊಳಗೆ ನಾವಿರುವ ಮನೆ. ಊರಾಚೆ ತೋಟದಲ್ಲಿ ಇನ್ನೊಂದು ಹಳೇ ಮನೆ, ಅದನ್ನು ಎಲ್ಲರೂ ಅಟ್ಟದ ಮನೆ ಅನ್ನುತ್ತಿದ್ದೆವು. ಅಲ್ಲಿ ಯಾರೂ ಮಲಗುತ್ತಿರಲಿಲ್ಲ. ಮೇಲೆ ಅಟ್ಟದ ತುಂಬ ಸಿಪ್ಪೆ ಸುಲಿಯದ ತೆಂಗಿನಕಾಯಿ ಇರುತ್ತಿದ್ದವು. ಹತ್ತು ಹನ್ನೊಂದು ತಿಂಗಳು ಅವನ್ನು ಹಾಗೇ ಬಿಟ್ಟರೆ ಒಳಗಿನ ನೀರು ಇಂಗಿ, ಕೊಬ್ಬರಿ ಚಿಪ್ಪು ಬಿಟ್ಟು, ಅಲ್ಲಾಡಿಸಿದರೆ ಗಡಗಡ ಅನ್ನುತ್ತದೆ. ಕೆಳಗೆ ಆಗಾಗ ಹೊಗೆ ಹಾಕಿ ಹಾಕಿ ಗೋಡೆಯೆಲ್ಲ ಕಪ್ಪಾಗಿತ್ತು. ಇಲಿ ಓಡಾಡಿದರೂ ಮೇಲೆ ಯಾರೋ ನಡೆದಂತೆ ಸದ್ದು.

ಆ ಮನೆಯ ಹೊಸ್ತಿಲು ತೊಳೆದು, ವಿಭೂತಿ ಬಳಿದು, ಅರಿಶಿನ ಕುಂಕುಮ ಇಟ್ಟು, ರಂಗೋಲಿ ಹಾಕುವುದು ಸೊಸೆಯ ಕೆಲಸ. ನಮ್ಮತ್ತೆ ಸೊಸೆಯಾಗಿದ್ದಾಗ ಅವರು ಮಾಡಿದ್ದರು, ನಾನು ಬಂದ ಮೇಲೆ ನನಗೆ ಬಂತು. ಅಟ್ಟದ ಮೇಲೆ ಕಾಯಿ ಇರುವ ತನಕ ಒಂದು ದಿನವೂ ತಪ್ಪಿಸುವ ಹಾಗಿಲ್ಲ. ಹಿಂದಿನ ವರ್ಷ ನಾನು ಬಸುರಿಯಾಗಿದ್ದಾಗ ತವರಿಗೆ ಹೋಗಿ ಎಂಟು ದಿನ ಇದ್ದು ಬಂದೆ. ಅತ್ತೆಗೆ ಜ್ವರ ಬಂದು ಆ ಎಂಟು ದಿನ ಹೊಸ್ತಿಲು ಬರಿದಾಗಿತ್ತು. ಬಂದ ವಾರದಲ್ಲೇ ನನಗೆ ಬಸುರು ಇಳಿದು ಹೋಯಿತು. ಅದಕ್ಕೂ ಇದಕ್ಕೂ ಸಂಬಂಧವಿಲ್ಲ ಅಂತ ಈಗ ನನಗೆ ಗೊತ್ತು. ಆಗ ಗೊತ್ತಿರಲಿಲ್ಲ. ಯಾರೂ ಬಾಯಿಬಿಟ್ಟು ಅನ್ನಲಿಲ್ಲ, ಆದರೆ ನಾನೇ ಮನಸ್ಸಿನಲ್ಲಿ ಗಂಟು ಹಾಕಿಕೊಂಡಿದ್ದೆ.

ಸಿನಿಮಾದವರು ಬಂದಾಗ ನನಗೆ ಮತ್ತೆ ಐದು ತಿಂಗಳು.

ಡೈರೆಕ್ಟರು ಇನ್ನೂ ಚಿಕ್ಕ ವಯಸ್ಸಿನವರು, ಒಣಕಲು ಮೈ, ಎರಡೇ ಅಂಗಿ. ಬೇರೆಯವರ ಕೈಕೆಳಗೆ ಹತ್ತು ವರ್ಷ ದುಡಿದು ಮೊದಲ ಸಲ ತಾವೇ ಒಂದು ಸಿನಿಮಾ ತೆಗೆಯಲು ಹೊರಟಿದ್ದರು. ದೆವ್ವದ ಸಿನಿಮಾ. ನಲವತ್ತು ವರ್ಷ ಪಾಳು ಬಿದ್ದ ಮನೆ, ಅಲ್ಲಿಗೊಬ್ಬ ಬಂದು ಇಳಿದುಕೊಳ್ಳುತ್ತಾನೆ, ಬಿಳಿ ಸೀರೆಯ ದೆವ್ವ ಕಾಡುತ್ತದೆ. ಅಟ್ಟದ ಮನೆ ನೋಡಿದ್ದೇ ಅವರಿಗೆ ಬಿಟ್ಟು ಹೋಗಲು ಮನಸ್ಸಾಗಲಿಲ್ಲ. ನಮ್ಮೆಜಮಾನರಿಗೆ ಸಿನಿಮಾ ಅಂದರೆ ಹುಚ್ಚು. ಹದಿನೈದು ದಿನ ಮನೆ ಬಿಟ್ಟುಕೊಡುತ್ತೇನೆ ಅಂತ ಮಾತು ಕೊಟ್ಟುಬಿಟ್ಟರು.

ಮೊದಲ ದಿನವೇ ಎಡವಟ್ಟಾಯಿತು. ಹಿಂದಿನ ದಿನ ಪೂರ್ತಿ ಅವರ ಕಡೆಯ ಒಬ್ಬರು ಕೂತು ಹತ್ತಿ, ಅಂಟು ಹಾಕಿ ಬಾಗಿಲಿಗೆಲ್ಲ ಜೇಡರ ಬಲೆ ಕಟ್ಟಿದ್ದರು. ಬೂದಿ ಎರಚಿ ಧೂಳು ಮಾಡಿದ್ದರು. ಬೆಳಿಗ್ಗೆ ನಾನು, ಅತ್ತೆ ಹೋಗಿ ನೋಡಿದೆವು.

“ಮನೇಗೆ ಏನ್ ಗತಿ ತಂದಿಟ್ಟವ್ರೆ ನೋಡೇ,” ಅಂದರು ಅತ್ತೆ. ಪೊರಕೆ ತೆಗೆದುಕೊಂಡರು. ಅರ್ಧ ಗಂಟೆಯಲ್ಲಿ ಒಂದು ಬಲೆಯೂ ಇಲ್ಲ, ಒಂದು ಚೂರು ಬೂದಿಯೂ ಇಲ್ಲ. ಅಂಗಳಕ್ಕೆಲ್ಲ ಸಗಣಿ ಸಾರಿಸಿ, ಒಂದು ದೊಡ್ಡ ರಂಗೋಲಿ ಹಾಕಿಸಿದರು.

ಡೈರೆಕ್ಟರು ಬಂದವರು ತಲೆ ಮೇಲೆ ಕೈ ಹೊತ್ತು ಅಂಗಳದಲ್ಲೇ ಕೂತರು. ಕ್ಯಾಮರಾದವರು ವಯಸ್ಸಾದವರು, ಮೂಗಿನ ತುದಿಯಲ್ಲೇ ಸಿಟ್ಟು. “ಇಷ್ಟು ಲಕ್ಷಣವಾಗಿರೋ ಮನೇಲಿ ದೆವ್ವ ಯಾಕ್ರೀ ಇರುತ್ತೆ, ಬಾಡಿಗೆಗೆ ಬರುತ್ತೆ ಅಷ್ಟೆ,” ಅಂದರು.

ಡೈರೆಕ್ಟರು ಅತ್ತೆಗೆ ಕೈ ಮುಗಿದರು. “ಅಮ್ಮಾ, ಇದು ಖಾಲಿ ಮನೆ ಥರ ಕಾಣಬೇಕು. ಹದಿನೈದು ದಿನ ಯಾರೂ ಏನೂ ಮುಟ್ಟಬಾರದು.”

“ಅಟ್ಟದ ಮೇಲೆ ಕಾಯಿ ಇರೋ ಮನೆ ಖಾಲಿ ಮನೆ ಅಲ್ಲ ಕಣಪ್ಪ.”

“ಸಿನಿಮಾದಲ್ಲಿ ಖಾಲಿ ಅಮ್ಮಾ.”

“ಹೊಸ್ತಿಲಾದ್ರೂ ತೊಳ್ಕಂಡು ಹೋಗ್ತೀವಿ.”

“ಹೊಸ್ತಿಲೇ ಎಲ್ಲದಕ್ಕಿಂತ ಮುಖ್ಯ ಅಮ್ಮಾ. ಕ್ಯಾಮರಾ ಇರೋದೇ ಅಲ್ಲಿ. ನನ್ನ ಹತ್ತಿರ ಇರೋ ರೀಲು ಅಳತೆ ಮಾಡಿದಷ್ಟೇ. ಒಂದು ಸಲ ಕೆಟ್ಟರೆ ಇನ್ನೊಂದು ಸಲ ತೆಗೆಯೋಕಾಗಲ್ಲ. ಈ ಸಿನಿಮಾ ನಿಂತರೆ ನನ್ನನ್ನು ಇನ್ಯಾರೂ ಕರೆಯಲ್ಲ.”

ಮಗ ಕೊಟ್ಟ ಮಾತು. ಅತ್ತೆ ನನ್ನ ಹೊಟ್ಟೆಯ ಕಡೆ ಒಂದು ಸಲ ನೋಡಿ, “ಹದಿನೈದು ದಿನ ತಾನೆ, ಬುಡು,” ಅಂದು ಹೊರಟುಬಿಟ್ಟರು.

ನಾನು ಒಂದು ದಿನ ತಡೆದೆ. ಎರಡನೇ ಬೆಳಿಗ್ಗೆ ಕೊಟ್ಟಿಗೆ ಕಸ ಬಳಿಯುವಾಗ ಹೊಟ್ಟೆಯೊಳಗೆ ಮಗು ಮಿಸುಕಿತು. ಮೊದಲ ಸಲ. ಕೈಯಲ್ಲಿದ್ದ ಮಂಕರಿ ಅಲ್ಲೇ ಬಿಟ್ಟು, ಚೊಂಬಿನಲ್ಲಿ ನೀರು, ಸೆರಗಿನಲ್ಲಿ ರಂಗೋಲಿ ಪುಡಿ ಕಟ್ಟಿಕೊಂಡು ತೋಟಕ್ಕೆ ಹೋದೆ. ಸಿನಿಮಾದವರು ಇನ್ನೂ ಬಂದಿರಲಿಲ್ಲ. ಹೊಸ್ತಿಲು ತೊಳೆದು, ಎಲ್ಲ ಇಟ್ಟು, ಒದ್ದೆ ನೆಲಕ್ಕೆ ಕಚ್ಚಿಕೊಳ್ಳುವ ಹಾಗೆ ಅಂಗೈಯಗಲ ಒಂದು ರಂಗೋಲಿ ಹಾಕಿದೆ. ಎದ್ದೇಳುವ ಮುಂಚೆ ಏನನ್ನಿಸಿತೋ, ಪಕ್ಕದಲ್ಲಿ ಒಂದು ಚುಕ್ಕಿ ಇಟ್ಟೆ. ಅದು ಒಳಗಿರುವ ಕೂಸಿನದು. ಆಮೇಲೆ ಒಣಗಿದ ತೆಂಗಿನ ಗರಿ, ಮಟ್ಟೆ ಎಳೆದು ತಂದು ಮೇಲೆ ಮುಚ್ಚಿದೆ. ಪಾಳು ಮನೆ ಮುಂದೆ ಗರಿ ಬಿದ್ದಿರುವುದು ಸಹಜ ತಾನೆ. ಯಾರಿಗೂ ಗೊತ್ತಾಗಲಿಲ್ಲ. ದಿನಾ ಹಾಗೇ ಮಾಡಿದೆ. ದಿನಕ್ಕೊಂದು ರಂಗೋಲಿ, ನಿನ್ನೆಯದು ಇವತ್ತು ಹಾಕುವ ರೂಢಿ ನಮ್ಮಲ್ಲಿಲ್ಲ.

ಸಿನಿಮಾದವರಿಗೆ ಬಂದ ಕಷ್ಟ ಒಂದೆರಡಲ್ಲ. ಹೀರೋ ಅಟ್ಟದ ಕೆಳಗೆ ನಿಂತಿದ್ದಾಗ ಮೇಲೆ ಒಂದು ಕಾಯಿ ಉರುಳಿ ಗಡಗಡ ಅಂತು. ಅವರು ಓಡಿದವರು ಬಾವಿಯ ಹತ್ತಿರ ಹೋಗಿ ನಿಂತರು, ಸಂಜೆಯ ತನಕ ಒಳಗೆ ಬರಲಿಲ್ಲ. ದೆವ್ವದ ವೇಷದ ಹುಡುಗಿ ಬಿಳಿ ಸೀರೆಯಲ್ಲಿ ಗೋಡೆಗೆ ಒರಗಿದರೆ ಬೆನ್ನೆಲ್ಲ ಮಸಿ. ನಮ್ಮ ನಾಯಿಗೆ ಆ ಹುಡುಗಿ ಬಿಸ್ಕತ್ತು ಹಾಕಿ ಅಭ್ಯಾಸ ಮಾಡಿದ್ದಳು, ಅದು ದೆವ್ವದ ಹಿಂದೆಯೇ ಬಾಲ ಅಲ್ಲಾಡಿಸಿಕೊಂಡು ಹೋಗುತ್ತಿತ್ತು. ಅತ್ತೆ ಅವಳನ್ನು ಊಟಕ್ಕೆ ಕೂರಿಸಿ, “ಇಷ್ಟು ಸಣ್ಣಕಿದ್ರೆ ಯಾರ್ ಹೆದರ್ತಾರೆ ಕಣವ್ವ, ಇನ್ನೊಂದು ತುತ್ತು ಮುದ್ದೆ ನುಂಗು,” ಅನ್ನುತ್ತಿದ್ದರು.

ಅವರು ರಾತ್ರಿಯ ಸೀನನ್ನೆಲ್ಲ ಹಗಲಲ್ಲೇ ತೆಗೆಯುತ್ತಿದ್ದರು. ಕ್ಯಾಮರಾದ ಮುಂದೆ ಒಂದು ಕಪ್ಪು ಗಾಜು ಇಟ್ಟರೆ ಬಿಸಿಲೂ ಕತ್ತಲಾಗುತ್ತದಂತೆ. ಗಾಳಿ ಬೇಕಾದಾಗ ಆಳೆತ್ತರದ ಒಂದು ಫ್ಯಾನು ಹಚ್ಚುತ್ತಿದ್ದರು. ಬಾಗಿಲು ದಡಾರ್ ಅಂತ ತೆರೆಯಬೇಕು, ಧೂಳು ಏಳಬೇಕು, ಗರಿಗಳೆಲ್ಲ ಹಾರಬೇಕು. ಗರಿ ಹಾರಿದರೆ ಕೆಳಗಿರುವುದು ಕಾಣುತ್ತದೆ ಅಂತ ನನಗೆ ಹೊಳೆಯಲಿಲ್ಲ. ನಾನು ಆ ಹೊತ್ತಿನಲ್ಲಿ ಮನೆಯಲ್ಲಿ ಮುದ್ದೆಗೆ ಎಸರಿಟ್ಟಿರುತ್ತಿದ್ದೆ. ಅಲ್ಲಿದ್ದವರ ಕಣ್ಣೆಲ್ಲ ಬಾಗಿಲ ಮೇಲೆ, ದೆವ್ವದ ಮೇಲೆ. ಕ್ಯಾಮರಾದವರಿಗೆ ಕಪ್ಪು ಗಾಜಿನಲ್ಲಿ ನೆಲ ಕಾಣುತ್ತಿರಲಿಲ್ಲ. ಸೀನು ಮುಗಿಯುವಷ್ಟರಲ್ಲಿ ಕಾಲು ತುಳಿತದಲ್ಲಿ ಎಲ್ಲ ಅಳಿಸಿ ಹೋಗುತ್ತಿತ್ತು.

ಹನ್ನೆರಡು ದಿನದ ರೀಲು ಮದರಾಸಿಗೆ ಹೋಯಿತು. ಅಲ್ಲಿ ತೊಳೆದು ಕಳಿಸುತ್ತಾರೆ. ಡಬ್ಬ ವಾಪಸು ಬಂದ ದಿನ ತಿಪಟೂರಿನ ಟಾಕೀಸಿನಲ್ಲಿ ಬೆಳಿಗ್ಗೆ ಆಟ ಶುರುವಾಗುವ ಮುಂಚೆ ಹಾಕಿ ನೋಡುವುದು ಅಂತಾಯಿತು. ಮನೆಯವರಲ್ಲವೇ, ಅಂತ ನಮ್ಮನ್ನೂ ಕರೆದರು. ನಾನು, ಅತ್ತೆ, ನಮ್ಮೆಜಮಾನರು ಹೋದೆವು.

ಖಾಲಿ ಟಾಕೀಸು. ಬಿಳಿ ಸೀರೆಯ ಹುಡುಗಿ ಬಂದಳು, ಹಿಂದೆಯೇ ನಾಯಿಯೂ ಬಂತು. ಅತ್ತೆ ಸೆರಗು ಬಾಯಿಗೆ ಒತ್ತಿಕೊಂಡು ನಕ್ಕರು. ಆಮೇಲೆ ಕತ್ತಲೆಯಲ್ಲಿ ಅಟ್ಟದ ಮನೆ. ಗಾಳಿ. ಗರಿಗಳು ಒಂದೊಂದಾಗಿ ಎದ್ದು ಹೋದವು. ಅಷ್ಟು ಕತ್ತಲೆಯಲ್ಲಿ, ಆ ಬರೀ ನೆಲದ ಮೇಲೆ, ಬೆಳ್ಳಗೆ ಉರಿಯುವ ಹಾಗೆ ಒಂದು ರಂಗೋಲಿ.

ಅತ್ತೆ ನನ್ನ ಮುಂಗೈ ಹಿಡಿದುಕೊಂಡರು. ಬಳೆ ಒತ್ತಿ ನೋವಾಯಿತು.

ನನಗೆ ಮೊದಲು ಖುಷಿಯೇ ಆಯಿತು, ಸುಳ್ಳು ಯಾಕೆ ಹೇಳಲಿ. ನನ್ನ ಅಂಗೈಯಗಲದ ರಂಗೋಲಿ ಟಾಕೀಸಿನ ಗೋಡೆಯಗಲ ಇತ್ತು. ಮುಂದಿನ ತುಂಡು ಬಂತು, ಅದೇ ರಾತ್ರಿ, ಅದೇ ಬಾಗಿಲು, ರಂಗೋಲಿ ಮಾತ್ರ ಬೇರೆ. ಅದರ ಮುಂದಿನದರಲ್ಲಿ ಇನ್ನೊಂದು. ಆಗ ಹಿಂದಿನಿಂದ ಕ್ಯಾಮರಾದವರ ದನಿ ಬಂತು.

“ನಲವತ್ತು ವರ್ಷ ಪಾಳು ಬಿದ್ದ ಮನೆಗೆ ಯಾವ ಮುತ್ತೈದೆ ಬಂದು ಹಾಕಿದ್ದು ಇದನ್ನ?”

ದೀಪ ಹತ್ತಿತು. ಡೈರೆಕ್ಟರು ಸಿಟ್ಟು ಮಾಡಲಿಲ್ಲ. ಮಾಡಿದ್ದರೆ ನನಗೆ ಇಷ್ಟು ಕಷ್ಟವಾಗುತ್ತಿರಲಿಲ್ಲ. ಮುಂದಿನ ಕುರ್ಚಿಗೆ ಹಣೆ ಆನಿಸಿ, “ಇನ್ನು ಎರಡೇ ಡಬ್ಬ ರೀಲು ಉಳಿದಿದೆ. ಇದನ್ನೆಲ್ಲ ಮತ್ತೆ ತೆಗೆಯೋದು ಆಗದ ಮಾತು. ಸಾಮಾನು ಕಟ್ಟಿ,” ಅಂದರು, ಯಾರಿಗೋ ಅನ್ನುವ ಹಾಗೆ.

ನಾನು ಎದ್ದು ನಿಂತೆ. “ನಾನು ಹಾಕಿದ್ದು. ಮುಚ್ಚಿಟ್ಟಿದ್ದೆ. ಗಾಳಿಗೆ ಹಾರುತ್ತೆ ಅಂತ ಗೊತ್ತಾಗಲಿಲ್ಲ,” ಅಂದೆ.

“ಅವಳ್ದೇನೂ ಇಲ್ಲ ಕಣಪ್ಪ,” ಅಂದರು ಅತ್ತೆ. “ನಾನೇ ಹಾಕು ಅಂತ ಕಳಿಸ್ತಿದ್ದೆ. ಬೈಯೋದಾದ್ರೆ ನನ್ನ ಬೈಯಿ.”

ಅತ್ತೆ ಕಳಿಸಿರಲಿಲ್ಲ. ರಂಗೋಲಿ ಡಬ್ಬ ಖಾಲಿಯಾಗುತ್ತಿದ್ದುದನ್ನು ನೋಡಿ ಅವರಿಗೆ ಗೊತ್ತಾಗಿತ್ತು, ನನಗೆ ಹೇಳದೆ ಅದನ್ನು ಎರಡು ಸಲ ತುಂಬಿಸಿಟ್ಟಿದ್ದರು. ಡಬ್ಬ ಯಾಕೆ ಮುಗಿಯುತ್ತಿಲ್ಲ ಅಂತ ನಾನು ಯೋಚನೆಯೇ ಮಾಡಿರಲಿಲ್ಲ.

ನಮ್ಮೆಜಮಾನರು ತಲೆ ತಗ್ಗಿಸಿ ಕೂತಿದ್ದರು. ಅತ್ತೆಯೇ ಮತ್ತೆ ಶುರು ಮಾಡಿದರು.

“ಒಂದ್ ಮಾತು ಹೇಳ್ತೀನಿ, ಬೇಜಾರ್ ಮಾಡ್ಕಬೇಡ. ನಿನ್ ಬಿಳಿ ಸೀರೆ ದೆವ್ವ ನೋಡಿ ನಂಗೆ ನಗು ಬಂತು. ಗರಿ ಹಾರಿ ರಂಗೋಲಿ ಕಂಡಾಗ ಎದೆ ಧಸಕ್ ಅಂತು ಕಣಪ್ಪ. ನಮ್ ಸೊಸೆ ಕೈದೇ ಅಂತ ಗೊತ್ತಿತ್ತು, ಆದ್ರೂ. ಯಾರೂ ಇಲ್ದಿರೋ ಮನೇಲಿ ದಿನಾ ಬೆಳಗ್ಗೆ ಹೊಸ್ತಿಲು ತೊಳ್ದು ರಂಗೋಲಿ ಹಾಕವ್ರೆ ಅಂದ್ರೆ, ಯಾರದು? ಯಾರ್ ಬಂದು ಹಾಕ್ತಾವ್ರೆ? ನಾನಾಗಿದ್ರೆ ಆ ಮನೇಲಿ ಒಂದ್ ಗಳಿಗೆ ಇರ್ತಿರ್ಲಿಲ್ಲ.”

ಡೈರೆಕ್ಟರು ಹಣೆ ಎತ್ತಿದರು. “ಇನ್ನೊಂದು ಸಲ ಹೇಳಿ ಅಮ್ಮಾ,” ಅಂದರು.

“ಎಷ್ಟು ಸಲ ಹೇಳ್ಲಿ, ಹೆದರಿಕೆ ಆಯ್ತು ಅಂದೆ.”

ಅವರು ಮೇಲಿನ ಕೋಣೆಯವರಿಗೆ ಕೂಗಿ ರೀಲನ್ನು ಮತ್ತೆ ಹಾಕಿಸಿದರು. ಈ ಸಲ ನಿಂತುಕೊಂಡೇ ನೋಡಿದರು. ಮುಗಿದ ಮೇಲೆ ಕ್ಯಾಮರಾದವರು ಗಡ್ಡ ಕೆರೆದುಕೊಂಡು, “ದಿನಕ್ಕೊಂದು ರಂಗೋಲಿ. ದಿನಕ್ಕೊಂದು ಹೊಸದು. ಅವಳು ಎಲ್ಲೂ ಹೋಗಿಲ್ಲ ಅಂತಾಯ್ತು,” ಅಂದರು. ಅಲ್ಲೇ ಟಾಕೀಸಿನ ಮೆಟ್ಟಿಲ ಮೇಲೆ ಕೂತು, ಟೀ ಕುಡಿಯುತ್ತಾ ಇಬ್ಬರೂ ಕತೆ ಬದಲಾಯಿಸಿದರು. ಆ ಮನೆಯ ಹೆಂಗಸು ಸತ್ತ ಮೇಲೂ ತನ್ನ ಹೊಸ್ತಿಲು ಬಿಟ್ಟು ಹೋಗಿಲ್ಲ. ಅವಳು ಕೊಲ್ಲಲು ಬರುವುದಿಲ್ಲ, ಮನೆ ಕಾಯುತ್ತಾಳೆ. ಕಳ್ಳ ಮನಸ್ಸಿನವರಿಗೆ ಮಾತ್ರ ಅವಳ ಭಯ. ತೆಗೆದದ್ದರಲ್ಲಿ ಮುಕ್ಕಾಲು ಪಾಲು ಹಾಗೇ ಉಪಯೋಗಕ್ಕೆ ಬರುತ್ತದೆ. ಒಂದೇ ಒಂದು ಸೀನು ಬೇಕು: ರಂಗೋಲಿ ಎಳೆಯುವ ಕೈ.

ದೆವ್ವದ ವೇಷದ ಹುಡುಗಿ ಪಟ್ಟಣದಲ್ಲಿ ಬೆಳೆದವಳು. ಪುಡಿ ಹಿಡಿದರೆ ಒಂದು ಕಡೆ ಗುಡ್ಡೆ, ಒಂದು ಕಡೆ ಏನೂ ಇಲ್ಲ. ಎರಡು ಡಬ್ಬ ರೀಲಿನಲ್ಲಿ ಅವಳಿಗೆ ಕಲಿಸುತ್ತಾ ಕೂರುವ ಹಾಗಿರಲಿಲ್ಲ. ಡೈರೆಕ್ಟರು ನನ್ನ ಕಡೆ ನೋಡಿದರು. ನೋಡಿದ್ದು ಅತ್ತೆಗೆ ಕಂಡಿತು.

“ಬಸುರಿ ಹೆಂಗಸು ದೆವ್ವ ಆಗೋದು ಬ್ಯಾಡ,” ಅಂದುಬಿಟ್ಟರು.

“ಕೈ ಮಾತ್ರ ಅಮ್ಮಾ.”

“ಕೈ ಅವಳ್ದೇ ಅಲ್ವಾ?”

ಅಲ್ಲಿಗೆ ಮಾತು ನಿಂತಿತು. ಬಸ್ಸಿನಲ್ಲಿ ಬರುವಾಗ ಅತ್ತೆ ಕಿಟಕಿಯ ಕಡೆ ಮುಖ ಮಾಡಿ ಕೂತಿದ್ದರು. ನಾನು ಸೋತೆ ಅಂದುಕೊಂಡೆ. ಆ ಮನುಷ್ಯನ ಹತ್ತು ವರ್ಷವನ್ನು ನಾನು ಹಿಡಿ ಪುಡಿಯಲ್ಲಿ ಕೆಡಿಸಿದೆ, ಸರಿ ಮಾಡುವುದೂ ನನ್ನ ಕೈಯಲ್ಲೇ ಇದೆ, ಆದರೆ ಆ ಕೈ ಕೊಡುವ ಹಾಗಿಲ್ಲ. ಕಿಬ್ಬನಹಳ್ಳಿಯಲ್ಲಿ ಇಳಿದು ನಡೆಯಲು ಶುರು ಮಾಡಿದ ಮೇಲೆ ನಾನೇ ಬಾಯಿ ತೆಗೆದೆ.

“ಅತ್ತೆ, ನಾಳೆ ಬೆಳಿಗ್ಗೆ ನಾನು ಹೊಸ್ತಿಲು ತೊಳೆಯೋಕೆ ಹೋಗ್ಲಾ, ಬೇಡ್ವಾ?”

“ಯಾಕೆ, ಹೋಗು. ಇನ್ ಕದ್ದು ಮುಚ್ಚಿ ಹೋಗೋದೇನು?”

“ನಾನು ತೊಳೆಯುವಾಗ ಅವರು ಅಲ್ಲಿ ನಿಂತಿದ್ರೆ?”

ಅತ್ತೆ ನಿಂತು ನನ್ನ ಮುಖ ನೋಡಿದರು. ಆಮೇಲೆ ಅವರ ಮುಖದಲ್ಲಿ ನಗು ಕಾಣಿಸಿತು. “ಬಲೇ ಬೆರಕಿ ಕಣೇ ನೀನು,” ಅಂದರು.

ಬೆಳಿಗ್ಗೆ ಡೈರೆಕ್ಟರಿಗೆ ಅತ್ತೆಯೇ ಹೇಳಿದರು. “ನೋಡಪ್ಪ, ಇವಳು ದೆವ್ವ ಆಗಲ್ಲ, ವೇಷ ಹಾಕಲ್ಲ. ಇವಳ ಮನೆ ಹೊಸ್ತಿಲು, ಇವಳ ಪಾಡಿಗೆ ಇವಳು ಪೂಜೆ ಮಾಡ್ತಾಳೆ. ನೀವು ಚಪ್ಪಲಿ ಬಿಟ್ಟು, ದೂರ ನಿಂತು ನೋಡ್ಕಳಿ. ನೋಡೋದಕ್ಕೆ ನಾನ್ಯಾಕೆ ಬ್ಯಾಡ ಅನ್ಲಿ.”

ಎಲ್ಲರೂ ಚಪ್ಪಲಿ ಬಿಟ್ಟರು. ಕ್ಯಾಮರಾದವರು ಷೂ ಬಿಚ್ಚಿ, ತೂತು ಬಿದ್ದ ಕಾಲುಚೀಲ ಕಾಣದ ಹಾಗೆ ಅದನ್ನೂ ಬಿಚ್ಚಿದರು. ಸೂರ್ಯ ಇನ್ನೂ ತೆಂಗಿನ ಮರದ ಬುಡದಲ್ಲಿದ್ದ. ಅತ್ತೆ ಪಕ್ಕದಲ್ಲಿ ನಿಂತು ಚೊಂಬು ಕೊಟ್ಟರು. ನಾನು ತೊಳೆದೆ, ವಿಭೂತಿ ಇಟ್ಟೆ, ಅರಿಶಿನ ಕುಂಕುಮ ಇಟ್ಟೆ. ಕೂತು ಎಳೆ ಬಿಟ್ಟೆ. ಅಷ್ಟು ಜನ ನೋಡುತ್ತಿದ್ದಾರೆ ಅನ್ನುವುದು ಎರಡನೇ ಎಳೆಗೆ ಮರೆತೇ ಹೋಯಿತು. ಎದ್ದೇಳುವ ಮುಂಚೆ ಚುಕ್ಕಿ ಇಟ್ಟೆ. ಯಾರೂ ಹೇಳಿರಲಿಲ್ಲ, ಯಾರೂ ಬೇಡ ಅನ್ನಲೂ ಇಲ್ಲ. ಒಂದೇ ಸಲಕ್ಕೆ ಮುಗಿಯಿತು. ಡೈರೆಕ್ಟರು ಆ ಕಡೆ ತಿರುಗಿ ಅಂಗಿಯ ತೋಳಿನಲ್ಲಿ ಮುಖ ಒರೆಸಿಕೊಂಡರು.

ಮಗಳು ಹುಟ್ಟಿದಳು. ಗುಂಡು ಗುಂಡಗೆ, ಕಿವಿ ಕಿತ್ತು ಹೋಗುವ ಹಾಗೆ ಅಳುತ್ತಾ ಹುಟ್ಟಿದಳು. ಅವಳಿಗೆ ನಾಲ್ಕು ತಿಂಗಳಾದಾಗ ಸಿನಿಮಾ ತಿಪಟೂರಿಗೆ ಬಂತು. ಊರಿಗೆ ಊರೇ ಗಾಡಿ ಕಟ್ಟಿಕೊಂಡು ಹೋಯಿತು. ಬೇರೆ ಕಡೆ ಹೇಗೆ ಓಡಿತೋ ಗೊತ್ತಿಲ್ಲ, ನಮ್ಮ ಕಡೆ ಎರಡು ವಾರ ಚೆನ್ನಾಗಿ ಓಡಿತು. ಬಿಳಿ ಸೀರೆ ಬಂದಾಗ ಮುಂದಿನ ಬೆಂಚಿನವರು ಶಿಳ್ಳೆ ಹಾಕುತ್ತಿದ್ದರು. ಗರಿ ಹಾರಿದಾಗ ಇಡೀ ಟಾಕೀಸು ಗಪ್ಪಾಯಿತು. ಆ ನಿಶ್ಶಬ್ದದಲ್ಲಿ ನನ್ನ ಮಗಳು ನನ್ನ ಮಡಿಲಲ್ಲಿ ಗೊರಕೆ ಹೊಡೆಯುತ್ತಿದ್ದಳು. ಅದಾದ ಮೇಲೆ ಮೂರು ನಾಲ್ಕು ವರ್ಷ ನಮ್ಮ ಅಟ್ಟಕ್ಕೆ ಬೀಗವೇ ಬೇಕಾಗಲಿಲ್ಲ. “ಕಳ್ರು ಆ ಕಡೆ ತಲೆನೂ ಹಾಕ್ತಿಲ್ಲ ಕಣ್ಲಾ,” ಅಂತ ಅತ್ತೆ ಮಗನಿಗೆ ಹೇಳಿಕೊಂಡು ನಗುತ್ತಿದ್ದರು. ಡೈರೆಕ್ಟರಿಗೆ ಆಮೇಲೆ ಬೇರೆ ಸಿನಿಮಾ ಸಿಕ್ಕಿದವು ಅಂತ ಕೇಳಿದೆ. ಒಂದು ಸಲ ಮಗುವನ್ನು ನೋಡಲು ಬಂದಿದ್ದರು. ಹೊಸ್ತಿಲ ಮುಂದೆ ನಿಂತು, ರಂಗೋಲಿಗೆ ಕಾಲು ತಾಗದ ಹಾಗೆ ಸುತ್ತಿ ಬಂದರು. ಅತ್ತೆ ಅವರಿಗೆ ಕೊಬ್ಬರಿ ಮಿಠಾಯಿ ಕಟ್ಟಿಕೊಟ್ಟರು.

ಅತ್ತೆ ಈಗಿಲ್ಲ. ನಮ್ಮೆಜಮಾನರು ಐದು ಸಲ ನೋಡಿದ್ದು ನನ್ನ ಕೈಯನ್ನಲ್ಲ, ನಾಯಿಯನ್ನು. “ನಾಯೀನ ಎಲ್ಲೂ ಕತ್ತರಿಸಿಲ್ಲ ಕಣೇ, ಪೂರ್ತಿ ಅದೆ,” ಅಂತ ಊರಿಗೆಲ್ಲ ಹೇಳಿ ಬಂದರು.

ನಿನ್ನೆ ಸಾಯಂಕಾಲ ಈ ಕತೆಯನ್ನೆಲ್ಲ ಮೊಮ್ಮಗಳಿಗೆ ಹೇಳಿದೆ. “ಹಂಗಾದ್ರೆ ಆ ಚುಕ್ಕಿ ನಮ್ಮಮ್ಮನಾ?” ಅಂತ ಕೇಳಿದಳು. ಹೌದು ಅಂದೆ. ಬಹಳ ಹೊತ್ತು ಮೊಬೈಲಿನ ಆ ಚುಕ್ಕಿಯನ್ನು ಎರಡು ಬೆರಳಲ್ಲಿ ದೊಡ್ಡದು ಮಾಡಿ ನೋಡುತ್ತಾ ಕೂತಿದ್ದಳು.

ಇವತ್ತು ಬೆಳಿಗ್ಗೆ ನಾನು ಏಳುವಷ್ಟರಲ್ಲಿ ಅವಳು ಪಕ್ಕದಲ್ಲಿರಲಿಲ್ಲ. ಬಾಗಿಲಿಗೆ ಬಂದು ನೋಡಿದರೆ, ಹೊಸ್ತಿಲ ಮುಂದೆ ಒಣಗಿದ ತೆಂಗಿನ ಗರಿಗಳ ರಾಶಿ. ಅವಳು ಗೋಡೆಯ ಮರೆಯಲ್ಲಿ ಮೊರ ಹಿಡಿದುಕೊಂಡು ಕುಕ್ಕುರುಗಾಲಲ್ಲಿ ಕೂತು, ತುಟಿಯ ಮೇಲೆ ಬೆರಳಿಟ್ಟು ನನಗೆ ಸುಮ್ಮನಿರು ಅಂದಳು. ಕೈಯೆಲ್ಲ ರಂಗೋಲಿ ಪುಡಿ. ಒಳಗಿನಿಂದ ನನ್ನ ಮಗಳು ಕಣ್ಣುಜ್ಜಿಕೊಳ್ಳುತ್ತಾ, “ಬಾಗಿಲಿಗೆ ಯಾರು ಇಷ್ಟು ಗರಿ ತಂದು ಸುರಿದೋರು,” ಅನ್ನುತ್ತಾ ಬಂದಳು. ಮೊಮ್ಮಗಳು ಎದ್ದು ಎರಡು ಕೈಯಲ್ಲೂ ಮೊರ ಬೀಸಿದಳು. ಗರಿ ಭಾರ, ಮೂರು ಸಲ ಬೀಸಬೇಕಾಯಿತು.

ರಂಗೋಲಿ ಸೊಟ್ಟಗಿತ್ತು. ಚುಕ್ಕಿ ಮಾತ್ರ ಅದರ ಜಾಗದಲ್ಲಿ ಸರಿಯಾಗಿತ್ತು. ನನ್ನ ಮಗಳು ಅದನ್ನು ನೋಡಿದವಳೇ ಎದೆಯ ಮೇಲೆ ಕೈ ಇಟ್ಟುಕೊಂಡು, ಬಾಗಿಲ ಚೌಕಟ್ಟಿಗೆ ಒರಗಿ, “ಅಯ್ಯಪ್ಪಾ, ಹೆದರಿಕೆ ಆಯ್ತು ಕಣೇ,” ಅಂದಳು.